ಪರದೇಶದ ಪಂಕ್ತಿಯಲ್ಲಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶವನ್ನು ಓದುವ ಕ್ರಮವನ್ನು ಕಲಿಸಲು ಶಾಲೆಗಳಿವೆ, ಗುರುಗಳಿದ್ದಾರೆ, ಪರೀಕ್ಷೆಗಳಿವೆ. ದೇಶವನ್ನು ಸುತ್ತುವ ಕ್ರಮವನ್ನು ಕಲಿಸುವವರು ಮಾತ್ರ ವಿರಳ. ಟಿಕೆಟ್ಟು, ವೀಸಾ, ಉಣ್ಣೆಯ ಉಡುಪು ಇವು ಸಿದ್ಧವಾದರೆ ಪ್ರಯಾಣದ ಸಿದ್ಧತೆ ಮುಗಿಯಿತೆಂದು ಜನರು ಭಾವಿಸುತ್ತಾರೆ. ಹೋದ ನಾಡಿನ ಜನರ ಮನೆಯೊಳಗೆ ಹೇಗೆ ಕಾಲಿಡಬೇಕು, ಅವರ ಪಂಕ್ತಿಯಲ್ಲಿ ಹೇಗೆ ಕುಳಿತುಕೊಳ್ಳಬೇಕು, ಬಡಿಸಿದ್ದನ್ನು ಹೇಗೆ ಸ್ವೀಕರಿಸಬೇಕು, ಸ್ವೀಕರಿಸಲಾಗದಿದ್ದಾಗ ಹೇಗೆ ನಿರಾಕರಿಸಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಪ್ರವಾಸದ ಫಲವೆಲ್ಲ ಅಡಗಿರುವುದು ಅಲ್ಲಿಯೇ.

ಭದ್ರಾವತಿಯ ಓಲ್ಡ್ ಟೌನಿಗೆ ಈ ವಿಷಯ ಹೊಸದಲ್ಲ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ಮಡಿಲಲ್ಲಿಟ್ಟುಕೊಂಡ, ಬೆಂಕಿಪುರವೆಂಬ ಹೆಸರಿನ ಚಿಕ್ಕ ಊರಾಗಿದ್ದ ಕಾಲದಲ್ಲಿ ಅದಕ್ಕೆ ‘ಹಳೆಯ’ ಎಂಬ ವಿಶೇಷಣ ಬೇಕಾಗಿರಲಿಲ್ಲ. 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಗೊಂಡಿತು. ಹೊಸ ಊರು ಮೇಲೆದ್ದುದರಿಂದ ಇದು ಹಳೆಯ ಊರಾಯಿತು. ತಮಿಳು, ತೆಲುಗು, ಮಲಯಾಳ, ಉರ್ದು ನುಡಿಗಳ ಸಂಸಾರಗಳು ಬಂದು ನೆಲೆಸಿದವು. ಪೊಂಗಲಿನ ಪೊಂಗಲು, ಓಣಂ ಹಬ್ಬದ ಪಾಯಸ, ರಂಜಾನಿನ ಖರ್ಜೂರ, ಕ್ರಿಸ್‌ಮಸ್ಸಿನ ಸಿಹಿತಿಂಡಿ ಬೇಲಿ ದಾಟಿ ನೆರೆಮನೆಗೆ ಬರುವುದು ಇಂಥ ಊರಿನಲ್ಲಿ ಸಹಜ. ಟಿಕೆಟ್ಟಿಲ್ಲದೆಯೇ ಪರದೇಶವನ್ನು ಕಾಣುವ ಸೌಭಾಗ್ಯ ಈ ಊರಿನ ಮಕ್ಕಳದಾಗಿತ್ತು.

ಈಗ ಪ್ರವಾಹದ ದಿಕ್ಕು ಬದಲಾಗಿದೆ. ಕಾಗದದ ಕಾರ್ಖಾನೆ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯ ಹಿಂದಿನ ವೈಭವ ಉಳಿಯಲಿಲ್ಲ. ಜಗತ್ತು ಊರಿಗೆ ಬರುತ್ತಿದ್ದ ಕಾಲ ಹೋಗಿ ಊರಿನ ಮಕ್ಕಳು ಜಗತ್ತಿಗೆ ಹೋಗುವ ಕಾಲ ಬಂದಿದೆ. ಮಠಗಳ ಆಶ್ರಯದಲ್ಲಿ ಅಕ್ಷರ ಕಲಿತು, ಅನ್ನ ಉಂಡು ಬೆಳೆದ ಎಷ್ಟೋ ಮಂದಿ ಇಂದು ಅಮೆರಿಕ, ಇಂಗ್ಲೆಂಡು, ಜರ್ಮನಿ, ಕೊಲ್ಲಿಯ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅವರು ಅಲ್ಲಿ ಹೇಗೆ ಬಾಳುತ್ತಾರೆಂಬುದು ಅವರನ್ನು ಕಳುಹಿಸಿದ ಶಾಲೆಯೂ ಆಲೋಚಿಸಬೇಕಾದ ಸಂಗತಿ.

ಹೀಗೆ ಹೋದವರಲ್ಲಿ ಎರಡು ಬಗೆ ಕಾಣುತ್ತದೆ. ಒಬ್ಬನು ಪೆಟ್ಟಿಗೆ ತುಂಬ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ ಒಯ್ಯುತ್ತಾನೆ. ತನ್ನವರೊಡನೆಯೇ ಮನೆ ಹಿಡಿಯುತ್ತಾನೆ. ರಜೆಯಲ್ಲಿ ಗೋಪುರ, ಸೇತುವೆ, ಜಲಪಾತಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾನೆ. ಮೂರು ವರ್ಷ ಕಳೆದು ಹಿಂದಿರುಗುವಾಗ ಆ ನಾಡಿನ ಒಂದು ಮನೆಯ ಹೊಸ್ತಿಲನ್ನೂ ಆತ ದಾಟಿರುವುದಿಲ್ಲ. ಇನ್ನೊಬ್ಬನು ವಿಮಾನ ಇಳಿದ ವಾರದಲ್ಲೇ ತನ್ನದೆಂಬುದನ್ನೆಲ್ಲ ಕಳಚಿಡುತ್ತಾನೆ. ಊಟದ ನಿಯಮ ಹೋಗುತ್ತದೆ, ನುಡಿ ಹೋಗುತ್ತದೆ, ಕೊನೆಗೆ ಹೆಸರಿನ ಅರ್ಧಭಾಗವೂ ಹೋಗುತ್ತದೆ. ಊರಿನ ಹಿರಿಯರು ಮೊದಲನೆಯವನನ್ನು ಮೆಚ್ಚಿ ಎರಡನೆಯವನಿಗಾಗಿ ಮರುಗುತ್ತಾರೆ. ವಿಚಾರಿಸಿ ನೋಡಿದರೆ ಇಬ್ಬರ ದೋಷವೂ ಒಂದೇ. ಮೊದಲನೆಯವನು ಆ ಜನರಿಂದ ಏನನ್ನೂ ಪಡೆಯಲಿಲ್ಲ; ಎರಡನೆಯವನಲ್ಲಿ ಆ ಜನರಿಗೆ ಕೊಡುವುದಕ್ಕೆ ಏನೂ ಉಳಿಯಲಿಲ್ಲ. ಕೊಡುಕೊಳ್ಳುವಿಕೆ ಇಲ್ಲದ ಕಡೆ ಅತಿಥಿಯೂ ಇಲ್ಲ, ಆತಿಥೇಯನೂ ಇಲ್ಲ.

ಆಹಾರದ ವಿಷಯದಲ್ಲಿ ‘ಸ್ವಂತ’ ಮತ್ತು ‘ಪರಕೀಯ’ ಎಂಬ ಭೇದವನ್ನು ಬಹಳ ಬಿಗಿಯಾಗಿ ಹಿಡಿಯುವುದು ಸರಿಯಲ್ಲ. ಕನ್ನಡಿಗನು ತನ್ನದೆಂದು ಹೆಮ್ಮೆಪಡುವ ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಧಾನ್ಯ. ರೊಟ್ಟಿಯ ಜೋಳದ ತವರೂ ಆಫ್ರಿಕವೇ. ಚಟ್ನಿಗೆ ಖಾರ ಕೊಡುವ ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ತುಗೀಸರ ಹಡಗುಗಳು ಬರುವುದಕ್ಕೆ ಮೊದಲು ಅದನ್ನು ಈ ನಾಡು ಕಂಡಿರಲಿಲ್ಲ. ಯಾವ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಬಂದಿತೋ, ಅದೇ ಗಿರಿಗೆ ಹೆಸರು ಕೊಟ್ಟ ಬಾಬಾ ಬುಡನ್ ಎಂಬ ಸಂತ ಯೆಮನ್ ದೇಶದಿಂದ ಕಾಫಿಯ ಬೀಜಗಳನ್ನು ತಂದನೆಂದು ಪ್ರತೀತಿ ಇದೆ. ಬೆಳಗಿನ ಒಂದು ಲೋಟ ಕಾಫಿ, ಮಧ್ಯಾಹ್ನದ ಒಂದು ಮುದ್ದೆ, ಇವುಗಳಲ್ಲಿಯೇ ಎರಡು ಖಂಡಗಳ ಋಣವಿದೆ. ಯಾರೋ ಒಬ್ಬ ಪ್ರಯಾಣಿಕ ಹೊರಗಿನ ಪಂಕ್ತಿಯಲ್ಲಿ ಕುಳಿತು ರುಚಿ ನೋಡಿ ಮೆಚ್ಚಿ ತಂದುದರ ಫಲ ಅದು.

ಹಾಗಾದರೆ ಸಸ್ಯಾಹಾರದ ವ್ರತವುಳ್ಳವನು, ನಿತ್ಯವೂ ಇಷ್ಟಲಿಂಗಪೂಜೆ ಮಾಡುವವನು ಏನು ಮಾಡಬೇಕು? ವ್ರತವೇ ಅವನನ್ನು ಪರರ ಪಂಕ್ತಿಯಿಂದ ದೂರವಿಡುವುದಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರವನ್ನು 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯ ಬಾಳಿನಲ್ಲಿ ಕಾಣಬಹುದು. ಮಾಂಸವನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಹೋದ ಆ ತರುಣ ಮೊದಲ ತಿಂಗಳುಗಳಲ್ಲಿ ಅರೆಹೊಟ್ಟೆಯಲ್ಲಿದ್ದನು. ಮೈಲಿಗಟ್ಟಲೆ ನಡೆದು ಹುಡುಕಿದ ಮೇಲೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಉಪಾಹಾರಗೃಹ ಸಿಕ್ಕಿತು. ಅಲ್ಲಿಯೇ ಕೊಂಡ ಹೆನ್ರಿ ಸಾಲ್ಟ್ ಎಂಬ ಆಂಗ್ಲ ಲೇಖಕನ ಪುಸ್ತಕವನ್ನು ಓದಿ, ತಾಯಿಗಾಗಿ ಹಿಡಿದ ವ್ರತವನ್ನು ತನ್ನ ವಿವೇಕದಿಂದಲೇ ಒಪ್ಪಿಕೊಂಡನು. ಮುಂದೆ ಲಂಡನ್ನಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯನ್ನು ಸೇರಿ, ಇಂಗ್ಲಿಷರ ಮನೆಗಳಲ್ಲಿ ಊಟ ಮಾಡಿ, ಅವರಲ್ಲಿ ಮಿತ್ರರನ್ನು ಪಡೆದನು. ವ್ರತವನ್ನು ಬಿಟ್ಟಿದ್ದರೆ ಈ ಸ್ನೇಹ ದೊರೆಯುತ್ತಿರಲಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರೂ ದೊರೆಯುತ್ತಿರಲಿಲ್ಲ. 1927ರಲ್ಲಿ ಭದ್ರಾವತಿಗೆ ಬಂದು ಕಾರ್ಖಾನೆಯನ್ನು ಕಂಡ ಮಹಾತ್ಮರು ಇದೇ ಹಾದಿಯಲ್ಲಿ ನಡೆದು ಬೆಳೆದವರು.

ಸಸ್ಯಾಹಾರಿಗೆ ಪರದೇಶದಲ್ಲಿ ಉಪವಾಸವೇ ಗತಿ ಎಂಬುದೂ ಪೂರ್ಣಸತ್ಯವಲ್ಲ. ಭಾರತದ ಅನೇಕ ಶಿಕ್ಷಕರು ಹಿಂದೆ ಪಾಠ ಹೇಳಿದ ಇಥಿಯೋಪಿಯದಲ್ಲಿ ಸಂಪ್ರದಾಯಸ್ಥ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಮಾಂಸವನ್ನಷ್ಟೇ ಅಲ್ಲ, ಹಾಲು ಬೆಣ್ಣೆಗಳನ್ನೂ ವರ್ಜಿಸುತ್ತಾರೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ದೋಸೆಯಂತೆ ಹೊಯ್ದ ಇಂಜೆರಾ, ಅದರ ಮೇಲೆ ಬೇಳೆಯ ಗೊಜ್ಜು, ಕಡಲೆಹಿಟ್ಟಿನ ಮೇಲೋಗರ, ಸೊಪ್ಪು, ಇವು ಅಂದಿನ ಊಟ. ಎಲ್ಲರೂ ಒಂದೇ ತಟ್ಟೆಯ ಸುತ್ತ ಕುಳಿತು ಬಲಗೈಯಿಂದ ಉಣ್ಣುತ್ತಾರೆ. ಆತಿಥೇಯನು ಮೊದಲ ತುತ್ತನ್ನು ತನ್ನ ಕೈಯಿಂದಲೇ ಅತಿಥಿಯ ಬಾಯಿಗಿಡುವ ಪದ್ಧತಿಯೂ ಉಂಟು. ಬಳಿಕ ಅತಿಥಿಯ ಎದುರಿನಲ್ಲೇ ಕಾಫಿಯ ಬೀಜವನ್ನು ಹುರಿದು, ಕುಟ್ಟಿ, ಕಾಯಿಸಿ ಮೂರು ಸುತ್ತು ಕೊಡುತ್ತಾರೆ. ಮೊದಲ ಸುತ್ತಿಗೇ ಎದ್ದು ಹೋಗುವುದು ಸೌಜನ್ಯವಲ್ಲ. ಮಲೆನಾಡಿನ ಮನೆಯಿಂದ ಹೋದವನಿಗೆ ಇದರಲ್ಲಿ ಅಪರಿಚಿತವಾದುದು ಎಷ್ಟು?

1898ರಷ್ಟು ಹಿಂದೆಯೇ ಸರ್ ಎಂ. ವಿಶ್ವೇಶ್ವರಯ್ಯನವರು ಹೋಗಿ ನೋಡಿ ಬಂದ ಜಪಾನಿನಲ್ಲಿ ಬೌದ್ಧ ವಿಹಾರಗಳ ಅಡಿಗೆ ಮಾಂಸ ಮೀನುಗಳಿಲ್ಲದ್ದು. ಊಟಕ್ಕೆ ಮೊದಲು ‘ಇತದಾಕಿಮಾಸ್’ ಎಂದು ಕೈಮುಗಿದು ವಿನಯದಿಂದ ಸ್ವೀಕರಿಸುವುದು, ಮುಗಿದ ಮೇಲೆ ಮತ್ತೆ ಕೃತಜ್ಞತೆ ಹೇಳುವುದು ಅಲ್ಲಿನ ಮನೆಮನೆಯ ರೂಢಿ. ಅನ್ನವನ್ನು ಪ್ರಸಾದವೆಂದು ತಿಳಿದು ಬೆಳೆದವನಿಗೆ ಈ ಭಾವ ಹತ್ತಿರದ್ದು. ಎಚ್ಚರವೂ ಬೇಕು. ಜಪಾನಿನ ಸಾಮಾನ್ಯ ಅಡಿಗೆಯ ಸಾರಿನಲ್ಲಿ ಒಣಮೀನಿನ ಕಷಾಯ ಕಣ್ಣಿಗೆ ಕಾಣದಂತೆ ಸೇರಿರುತ್ತದೆ. ಆದಕಾರಣ ತನ್ನ ನಿಯಮವನ್ನು ಮುಂಚಿತವಾಗಿ, ಸರಳವಾಗಿ ತಿಳಿಸುವುದು ಲೇಸು. ತಟ್ಟೆ ಮುಂದೆ ಬಂದ ಮೇಲೆ ಮುಖ ಸಿಂಡರಿಸುವುದಕ್ಕಿಂತ ದೊಡ್ಡ ಅವಮಾನ ಆತಿಥೇಯನಿಗೆ ಮತ್ತೊಂದಿಲ್ಲ. ಹೇಳಿದರೆ ಅರಿತುಕೊಳ್ಳುವ ಸಹೃದಯತೆ ಎಲ್ಲ ದೇಶಗಳ ತಾಯಂದಿರಲ್ಲಿಯೂ ಇದೆ.

ಕನ್ನಡದ ಹಿರಿಯರು ಈ ಮಾರ್ಗವನ್ನು ಬಲ್ಲವರಾಗಿದ್ದರು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಶಾಲೆಯ ಗ್ರಂಥಾಲಯಗಳಲ್ಲಿರಬೇಕಾದ ಕೃತಿಗಳು. ಹೇಮಾವತಿಯ ದಡದ ಹಳ್ಳಿಯ ಹೆಸರನ್ನೇ ಹೊತ್ತ ಒಬ್ಬ ಲೇಖಕ ಮುಪ್ಪಿನ ವಯಸ್ಸಿನಲ್ಲಿ ಅಮೆರಿಕವನ್ನು ಕುತೂಹಲದಿಂದ ಕಂಡರೆಂಬುದು ಇಂದಿನ ತರುಣರಿಗೆ ಪಾಠವಾಗಬೇಕು.

ಇದಕ್ಕಿಂತಲೂ ಹಳೆಯ ಪಾಠ ಶರಣರದು. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿವಮೊಗ್ಗ ಜಿಲ್ಲೆಯವು. ಇಬ್ಬರೂ ಹುಟ್ಟಿದ ಊರನ್ನು ಬಿಟ್ಟು ನಡೆದವರು. ಜಂಗಮವೆಂಬ ಮಾತಿನ ಅರ್ಥವೇ ಚಲನೆ. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಆದಯ್ಯ ಸೌರಾಷ್ಟ್ರದಿಂದ, ಮರುಳಶಂಕರದೇವ ಆಫ್ಘಾನಿಸ್ತಾನದ ಕಡೆಯಿಂದ ಬಂದರೆಂದು ಸಂಪ್ರದಾಯ ಹೇಳುತ್ತದೆ. ಇವರಲ್ಲಿ ಮರುಳಶಂಕರದೇವನ ಕಥೆ ಮನಮುಟ್ಟುವಂಥದು. ಕಲ್ಯಾಣದ ಮಹಾಮನೆಯಲ್ಲಿ ನಿತ್ಯ ದಾಸೋಹ ನಡೆಯುತ್ತಿದ್ದಾಗ ಪ್ರಸಾದದ ತಾಣದಲ್ಲಿಯೇ ಹಲವು ವರ್ಷ ಸೇವೆ ಮಾಡಿಕೊಂಡಿದ್ದ ಆ ಪರದೇಶಿಯನ್ನು ಯಾರೂ ಗುರುತಿಸಲಿಲ್ಲ. ಅಲ್ಲಮಪ್ರಭು ಬಂದು ತೋರಿಸಿದಾಗಲೇ ಉಳಿದವರಿಗೆ ಅವನ ಹಿರಿಮೆ ತಿಳಿಯಿತು. ಶೂನ್ಯಸಂಪಾದನೆ ಈ ಪ್ರಸಂಗವನ್ನು ಮುಚ್ಚಿಡದೆ ಹೇಳಿದೆ. ಅನ್ನವನ್ನು ಹಂಚಿಕೊಂಡ ಮಾತ್ರಕ್ಕೆ ಮನುಷ್ಯನನ್ನು ಅರಿತಂತಾಗಲಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಪರನಾಡಿನ ತಿಂಡಿಯನ್ನು ಅಂಗಡಿಯಲ್ಲಿ ಕೊಂಡು ತಿಂದು, ಅದರ ಚಿತ್ರವನ್ನು ಊರಿಗೆ ಕಳುಹಿಸಿ, ಆ ಸಂಸ್ಕೃತಿಯನ್ನು ತಿಳಿದೆನೆಂದುಕೊಳ್ಳುವವರಿಗೂ ಅದು ಸಲ್ಲುತ್ತದೆ.

2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಆ ನಗರಕ್ಕೆ ಹೋದ ಕನ್ನಡಿಗರು ಅದನ್ನು ಕಂಡು ಕೈಮುಗಿಯುತ್ತಾರೆ, ಸಂತೋಷದ ಸಂಗತಿ. ಆದರೆ ಪ್ರತಿಮೆ ನಿಂತಲ್ಲಿಯೇ ನಿಂತಿರುತ್ತದೆ. ದಾಸೋಹದ ಅರ್ಥವನ್ನು ಅಲ್ಲಿನ ನೆರೆಯವನಿಗೆ ತಲುಪಿಸಬೇಕಾದವನು ನಡೆದಾಡುವ ಮನುಷ್ಯ. ತನ್ನ ಮನೆಯ ಅಕ್ಕಿರೊಟ್ಟಿಗೆ ಅವರನ್ನು ಕರೆದು, ಅವರ ಮನೆಯ ರೊಟ್ಟಿಗೆ ತಾನು ಹೋದಾಗಲೇ ಆ ಕೆಲಸ ಆಗುತ್ತದೆ.

ಇಲ್ಲಿ ಶಾಲೆಯ ಹೊಣೆ ಸಣ್ಣದಲ್ಲ. ವಿದ್ಯಾರ್ಥಿಗಳಿಗೆ, ಹುಡುಗರಿಗೂ ಸಹ, ನಾಲ್ಕು ಬಗೆಯ ಅಡಿಗೆಯನ್ನು ಕೈಯಾರೆ ಮಾಡಲು ಕಲಿಸಬೇಕು; ಬಡಿಸಲಾರದವನು ಉಪಚಾರವನ್ನು ತೀರಿಸಲಾರ. ತನ್ನ ಆಚಾರದ ಕಾರಣವನ್ನು ಜಂಬವಿಲ್ಲದೆ, ನಾಚಿಕೆಯೂ ಇಲ್ಲದೆ ನಾಲ್ಕು ಮಾತಿನಲ್ಲಿ ವಿವರಿಸುವ ಅಭ್ಯಾಸ ಮಾಡಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಒಂದೇ ಬೆಂಚಿನಲ್ಲಿ ಕುಳಿತು ಓದುವ ಅನ್ಯ ಮತದ, ಅನ್ಯ ಭಾಷೆಯ ಗೆಳೆಯನ ಮನೆಯ ಹಬ್ಬಕ್ಕೆ ಹೋಗಿ ಬರುವ ರೂಢಿಯನ್ನು ಉಳಿಸಿಕೊಡಬೇಕು. ಓಲ್ಡ್ ಟೌನಿನಲ್ಲಿ ಪಕ್ಕದ ಬೀದಿಯ ಮನೆಯನ್ನು ಹೊಗಲಾರದವನು ಟೋಕಿಯೋದಲ್ಲಿ ಹೊಗಬಲ್ಲನೆ? ಹೊರನಾಡಿನಿಂದ ರಜೆಗೆ ಬರುವ ಹಳೆಯ ವಿದ್ಯಾರ್ಥಿಗಳು ಕಟ್ಟಡಕ್ಕೆ ಕಾಣಿಕೆ ಕೊಡುವುದು ಸ್ತುತ್ಯವಾದ ಕಾರ್ಯ. ಅದರ ಜೊತೆಗೆ ಒಂದು ಸಂಜೆ ಮಕ್ಕಳೆದುರು ಕುಳಿತು, ತಾವು ಯಾರ ಮನೆಯಲ್ಲಿ ಉಂಡೆವು, ಅವರಿಂದ ಏನು ಕಲಿತೆವು, ಎಲ್ಲಿ ಎಡವಿದೆವು ಎಂಬುದನ್ನು ಹೇಳಿದರೆ ಅದು ಧನಕ್ಕಿಂತ ಕಡಿಮೆಯ ದಾನವಾಗಲಾರದು.

ಮಠದ ದಾಸೋಹದಲ್ಲಿ ಬಂದವನ ಕುಲ, ಊರು ಕೇಳದೆ ಎಲೆ ಹಾಕುವುದು ಸಂಪ್ರದಾಯ. ಆ ಎಲೆಯಲ್ಲಿ ಉಂಡು ಬೆಳೆದ ಮಗು ಜಗತ್ತಿನ ಯಾವ ಪಂಕ್ತಿಯಲ್ಲಿಯೂ ಅಪರಿಚಿತನಾಗಿ ಕುಳಿತುಕೊಳ್ಳಬೇಕಾದ ಕಾರಣವಿಲ್ಲ. ಉಣಿಸುವುದನ್ನು ಕಲಿಸಿದ ಶಾಲೆಯು ವಿನಯದಿಂದ ಉಣ್ಣುವುದನ್ನೂ ಕಲಿಸಿ ತನ್ನ ಮಕ್ಕಳನ್ನು ಹೊರನಾಡಿಗೆ ಕಳುಹಿಸುವಂತಾಗಲಿ.