ಜಾಹೀರಾತು ಹಾಕುವ ಮುನ್ನ

ಬರೆಯುವ ಹವ್ಯಾಸವಿರುವ ಅನೇಕ ವಿದ್ಯಾರ್ಥಿಗಳು ಇಂದು ಸ್ವಂತ ಬ್ಲಾಗ್ ನಡೆಸುತ್ತಿದ್ದಾರೆ. ಅದರಲ್ಲಿ ಜಾಹೀರಾತು ಹಾಕಿ ನಾಲ್ಕು ಕಾಸು ಸಂಪಾದಿಸುವ ಆಸೆ ಸಹಜವೇ. ಆದರೆ ಜಾಹೀರಾತು ಒದಗಿಸುವ ಜಾಲವನ್ನು ಆರಿಸುವಾಗ ಮೊದಲು ಓದಬೇಕಾದದ್ದು ಷರತ್ತುಗಳನ್ನು.

2003ರಲ್ಲಿ ಆರಂಭವಾದ ಗೂಗಲ್‌ನ ಆಡ್‌ಸೆನ್ಸ್ ಅನ್ನೇ ನೋಡಿ. ಖಾತೆದಾರರಿಗೆ 18 ವರ್ಷ ತುಂಬಿರಬೇಕು. ಕಿರಿಯರ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ಹಾಕಬೇಕು. ಗಳಿಕೆ 100 ಡಾಲರ್ ಮುಟ್ಟುವವರೆಗೆ ಹಣ ಕೈಸೇರದು. ಓದುಗರು ಕಡಿಮೆಯಿದ್ದರೆ ಇದಕ್ಕೆ ತಿಂಗಳುಗಳೇ ಹಿಡಿದಾವು. ಹಾಗೆಂದು ತಮ್ಮ ಪುಟದ ಜಾಹೀರಾತನ್ನು ತಾವೇ ಒತ್ತುವುದು, ಗೆಳೆಯರಿಂದ ಒತ್ತಿಸುವುದು ನಿಷಿದ್ಧ. ಖಾತೆಯೂ ಮುಚ್ಚೀತು, ಕೂಡಿದ ಹಣವೂ ಹೋದೀತು.

ಇದಕ್ಕಿಂತ ಕಡಿಮೆ ಮೊತ್ತಕ್ಕೇ ಹಣ ಕೊಡುವ ಜಾಲಗಳೂ ಇವೆ. ಆದರೆ ಅವು ಎಂಥ ಜಾಹೀರಾತು ತರುತ್ತವೆ ಎಂಬುದನ್ನು ವಿಚಾರಿಸಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮಗನ ಪುಟದಲ್ಲಿ ಅಂಥದು ಕಂಡರೆ, ಖಾತೆ ಯಾರ ಹೆಸರಿನಲ್ಲಿದೆಯೋ ಆ ತಂದೆಯೇ ಉತ್ತರ ಹೇಳಬೇಕಾದೀತು. ಬೇಡದ ಜಾಹೀರಾತನ್ನು ತಡೆಯುವ ಸೌಲಭ್ಯವಿಲ್ಲದ ಜಾಲವನ್ನು ಬಿಟ್ಟುಬಿಡಿ.

ಸೇರಲು ಶುಲ್ಕ ಕೇಳುವವರ ಹತ್ತಿರವೂ ಸುಳಿಯಬೇಡಿ. ಈ ವ್ಯವಹಾರದಲ್ಲಿ ಹಣ ಕೊಡಬೇಕಾದವರು ಜಾಹೀರಾತುದಾರರೇ ಹೊರತು ಬರೆಯುವವರಲ್ಲ. ಪೋಷಕರು ಮಕ್ಕಳೊಡನೆ ಕುಳಿತು ಷರತ್ತುಗಳನ್ನು ಓದಲಿ. ಬ್ಯಾಂಕ್ ಖಾತೆಯ ವಿವರ ಕೊಡುವುದು ಆಮೇಲಿನ ಮಾತು.