ಬೆಂಕಿಯ ಲೆಕ್ಕ

ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಹಂಡೆಯೊಲೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರೆ, ಉರಿಯುವ ಸೌದೆಯ ಶಾಖವೆಲ್ಲ ಹಂಡೆಗೆ ಸೇರುವುದಿಲ್ಲವೆಂಬುದು ಯಾರಿಗಾದರೂ ತಿಳಿಯುತ್ತದೆ. ಒಂದು ಪಾಲು ಒಲೆಯ ಬಾಯಿಂದ ನಾಲಗೆ ಚಾಚಿ ಹೊರಗೆ ಹೋಗುತ್ತದೆ. ಒಂದು ಪಾಲು ಹೊಗೆಯೊಡನೆ ಮೇಲೇರುತ್ತದೆ. ಮತ್ತೊಂದು ಪಾಲು ಸುತ್ತಲಿನ ಗೋಡೆಯನ್ನು ಕಾಯಿಸುವುದರಲ್ಲಿ ತೀರಿಹೋಗುತ್ತದೆ. ಸೂರಿನಿಂದ ತೂಗುವ ಇಲ್ಲಣವಾದರೂ ಏನು? ಪೂರ್ತಿಯಾಗಿ ಉರಿಯದೆ ಉಳಿದ ಸೌದೆಯೇ ಅದು. ಇವೆಲ್ಲ ಕಳೆದು ನೀರಿಗೆ ಸಂದದ್ದು ಎಷ್ಟು? ಪ್ರಶ್ನೆ ಸಣ್ಣದು. ಆದರೆ ಕಾರ್ಖಾನೆಗಳನ್ನೂ ರೈಲುಬಂಡಿಗಳನ್ನೂ ಹಡಗುಗಳನ್ನೂ ನಡೆಸಿದ ಉಗಿಯ ಬಾಯ್ಲರು ಇನ್ನೂರು ವರ್ಷಗಳಲ್ಲಿ ಸುಧಾರಿಸಿದ್ದೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿಯೇ. ಬಾಯ್ಲರೆಂದರೆ ಬಾಯಿ ಮುಚ್ಚಿದ ದೊಡ್ಡ ಹಂಡೆಯಲ್ಲದೆ ಬೇರೆಯಲ್ಲ.

ಉಗಿಯಂತ್ರದ ಮಾತು ಬಂದೊಡನೆ ಜೇಮ್ಸ್ ವಾಟನ ಹೆಸರನ್ನು ಹೇಳುವುದು ವಾಡಿಕೆ. ಬಾಲಕನಾದ ವಾಟನು ಕುದಿಯುವ ಪಾತ್ರೆಯ ಮುಚ್ಚಳ ಕುಣಿಯುವುದನ್ನು ಕಂಡು ಯಂತ್ರವನ್ನು ಕಂಡುಹಿಡಿದನೆಂಬ ಕಥೆಯನ್ನು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಕಥೆ ಸೊಗಸಾಗಿದೆ, ಆದರೆ ವಾಟನು ಹುಟ್ಟುವುದಕ್ಕೆ ಮೊದಲೇ, 1712ರಲ್ಲಿಯೇ, ನ್ಯೂಕೊಮೆನ್ ಎಂಬಾತನ ಯಂತ್ರವು ಇಂಗ್ಲೆಂಡಿನಲ್ಲಿ ಗಣಿಯ ನೀರನ್ನು ಎತ್ತುತ್ತಿತ್ತು. ವಾಟನು ಮಾಡಿದ್ದು ಅದರ ಸುಧಾರಣೆ. ದೊಡ್ಡ ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಕಥೆಗಳಿಂದ ಒಂದು ಹಾನಿಯುಂಟು. ಯಂತ್ರಗಳು ಒಬ್ಬ ಮಹಾಪುರುಷನ ತಲೆಯಲ್ಲಿ ಮಿಂಚಿನಂತೆ ಹೊಳೆದು ಹುಟ್ಟುತ್ತವೆಂದು ನಾವು ನಂಬಿಬಿಡುತ್ತೇವೆ. ಬಾಯ್ಲರು, ಕುಲುಮೆಗಳ ಚರಿತ್ರೆಯನ್ನು ಓದಿದವರಿಗೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಸುಟ್ಟದ್ದನ್ನು ತೂಗಿ, ಬಂದ ಫಲವನ್ನು ಅಳೆದು, ಆ ಲೆಕ್ಕವನ್ನು ಹತ್ತು ಜನರ ಮುಂದೆ ಬಿಚ್ಚಿಟ್ಟಲ್ಲಿ ಸುಧಾರಣೆ ವೇಗವಾಗಿ ನಡೆಯಿತು. ಲೆಕ್ಕವನ್ನು ಮುಚ್ಚಿಟ್ಟಲ್ಲಿ ಅದು ಕುಂಟಿತು. ಇದಕ್ಕೆ ಕಾರ್ನ್‌ವಾಲ್ ಪ್ರಾಂತಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಕಾರ್ನ್‌ವಾಲ್ ಇಂಗ್ಲೆಂಡಿನ ನೈರುತ್ಯ ಮೂಲೆಯ ಪ್ರದೇಶ. ಅಲ್ಲಿ ತವರ, ತಾಮ್ರಗಳ ಆಳವಾದ ಗಣಿಗಳಿದ್ದುವು. ಗಣಿ ಆಳವಾದಷ್ಟೂ ನೀರು ನುಗ್ಗುತ್ತದೆ. ಆ ನೀರನ್ನು ಹಗಲಿರುಳು ಎತ್ತಿ ಹೊರಹಾಕಲು ಯಂತ್ರ ಬೇಕು. ಯಂತ್ರಕ್ಕೆ ಕಲ್ಲಿದ್ದಲು ಬೇಕು. ಆ ನೆಲದಲ್ಲಿ ಕಲ್ಲಿದ್ದಲಿಲ್ಲ. ಸೌತ್ ವೇಲ್ಸಿನಿಂದ ಹಡಗಿನಲ್ಲಿ ತರಿಸಬೇಕಾಗಿತ್ತು. ಕಲ್ಲಿದ್ದಲು ಕಾಲ ಬುಡದಲ್ಲಿಯೇ ಸಿಗುವ ಊರಿನಲ್ಲಿ ಒಂದು ಬುಟ್ಟಿ ಹೆಚ್ಚಾಗಿ ಸುಟ್ಟರೂ ಕೇಳುವವರಿರುವುದಿಲ್ಲ. ಕಾರ್ನ್‌ವಾಲಿನ ಗಣಿಯೊಡೆಯನಿಗೆ ಒಂದೊಂದು ಬುಟ್ಟಿಯೂ ಕೈಯಿಂದ ಜಾರುವ ಹಣವಾಗಿತ್ತು.

ವಾಟನೂ ಅವನ ಪಾಲುಗಾರನಾದ ಬೋಲ್ಟನ್ನನೂ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹಳೆಯ ಯಂತ್ರಕ್ಕೆ ಹೋಲಿಸಿದರೆ ತಮ್ಮ ಯಂತ್ರದಿಂದ ಎಷ್ಟು ಕಲ್ಲಿದ್ದಲು ಉಳಿಯುವುದೋ ಅದರ ಬೆಲೆಯಲ್ಲಿ ಮೂರರಲ್ಲೊಂದು ಪಾಲನ್ನು ಅವರು ಗಣಿಗಳಿಂದ ವಸೂಲು ಮಾಡುತ್ತಿದ್ದರು. ವಾಟನಿಗೆ ದೊರೆತ ಪೇಟೆಂಟು ಎಂಬ ಏಕಸ್ವಾಮ್ಯದ ಹಕ್ಕು 1800ರವರೆಗೆ ನಡೆಯಿತು. ಅಲ್ಲಿಯವರೆಗೆ ಬೇರೆ ಯಂತ್ರಶಿಲ್ಪಿಗಳು ಹೊಸ ಮಾದರಿಗಳನ್ನು ಕಟ್ಟಲು ಹೊರಟಾಗಲೆಲ್ಲ ನ್ಯಾಯಾಲಯದ ಭಯ ಅವರನ್ನು ತಡೆಯುತ್ತಿತ್ತು. ವಾಟನ ಸಹಾಯಕನಾದ ಸದರ್ನ್ ಎಂಬಾತನು 1796ರಲ್ಲಿ, ಯಂತ್ರದೊಳಗಿನ ಉಗಿಯ ಒತ್ತಡವನ್ನು ಕಾಗದದ ಮೇಲೆ ತಾನಾಗಿಯೇ ಗೆರೆಯೆಳೆದು ತೋರಿಸುವ ಉಪಕರಣವೊಂದನ್ನು ರೂಪಿಸಿದನು. ಯಂತ್ರದ ನಾಡಿಯನ್ನು ಹಿಡಿದು ನೋಡಿದಂತಹ ಕೆಲಸವದು. ಆದರೆ ಅದನ್ನು ವ್ಯಾಪಾರದ ಗುಟ್ಟಾಗಿ ಇಟ್ಟುಕೊಂಡರು. ಅದರ ವಿವರ ಅಚ್ಚಾದುದು 1822ರಲ್ಲಿ. ಇಪ್ಪತ್ತಾರು ವರ್ಷ ಆ ಕಣ್ಣು ಕೆಲವರಿಗೆ ಮಾತ್ರ ಮೀಸಲಾಗಿತ್ತು.

1811ರಲ್ಲಿ ಕಾರ್ನ್‌ವಾಲಿನ ಗಣಿಯವರು ಇದಕ್ಕೆ ತೀರ ವಿರುದ್ಧವಾದ ಒಂದು ಏರ್ಪಾಟನ್ನು ಮಾಡಿಕೊಂಡರು. ಜೋಯೆಲ್ ಲೀನ್ ಎಂಬ ಅನುಭವಿಯಾದ ಗಣಿ ಮೇಲ್ವಿಚಾರಕನು ಗಣಿಯಿಂದ ಗಣಿಗೆ ಹೋಗಿ, ಪ್ರತಿಯೊಂದು ಯಂತ್ರವೂ ತಿಂಗಳಲ್ಲಿ ಎಷ್ಟು ಕಲ್ಲಿದ್ದಲು ತಿಂದಿತು, ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಎತ್ತಿತು ಎಂಬುದನ್ನು ಬರೆದುಕೊಂಡು ಪ್ರಕಟಿಸತೊಡಗಿದನು. ಯಂತ್ರವು ಎಷ್ಟು ಬಾರಿ ಆಡಿತೆಂಬುದನ್ನು ಎಣಿಸುವ ಪೆಟ್ಟಿಗೆಗೆ ಬೀಗ ಹಾಕಿರುತ್ತಿತ್ತು. ಗಣಿಯವರು ಅದನ್ನು ತಿದ್ದುವಂತಿರಲಿಲ್ಲ. ಒಂದು ಬುಷೆಲ್, ಅಂದರೆ ಸುಮಾರು 40 ಕಿಲೋಗ್ರಾಂ ಕಲ್ಲಿದ್ದಲನ್ನು ಸುಟ್ಟಾಗ ಎಷ್ಟು ಪೌಂಡು ನೀರು ಒಂದು ಅಡಿ ಮೇಲೇರಿತು ಎಂಬುದೇ ಯಂತ್ರದ ಅಂಕ. ಗಣಿಯ ಹೆಸರು, ಯಂತ್ರಶಿಲ್ಪಿಯ ಹೆಸರು, ಯಂತ್ರದ ಅಳತೆ, ಅದರ ಅಂಕ, ಎಲ್ಲವೂ ಅಚ್ಚಿನಲ್ಲಿ. ಜೋಯೆಲ್ ಮರುವರ್ಷವೇ ತೀರಿಕೊಂಡನು. ಅವನ ಮಕ್ಕಳು ಕೆಲಸವನ್ನು ಮುಂದುವರಿಸಿದರು. ಪ್ರಕಟಣೆ 1904ರವರೆಗೆ ನಡೆಯಿತು.

ನಿಮ್ಮ ತರಗತಿಯ ಎಲ್ಲರ ಅಂಕಗಳನ್ನೂ ಪ್ರತಿ ತಿಂಗಳು ಊರ ಚಾವಡಿಯ ಗೋಡೆಗೆ ಅಂಟಿಸಿದರೆ ಹೇಗಾದೀತು? ಅಲ್ಲಿಯೂ ಹಾಗೆಯೇ ಆಯಿತು. ಮೊದಲು ಮುಜುಗರ, ಆಮೇಲೆ ಜಗಳ, ಆಮೇಲೆ ಹುರುಪು. ಒಬ್ಬನ ಯಂತ್ರಕ್ಕೆ ಹೆಚ್ಚು ಅಂಕ ಬಂದರೆ ನೆರೆಯ ಗಣಿಯವನು ಹೋಗಿ ನೋಡಿ, ಕಾರಣವನ್ನು ಕೇಳಿ, ತನ್ನ ಬಾಯ್ಲರನ್ನು ತಿದ್ದಿಸುತ್ತಿದ್ದನು. 1811ರಲ್ಲಿ ಸರಾಸರಿ ಅಂಕ 1 ಕೋಟಿ 70 ಲಕ್ಷದ ಆಸುಪಾಸಿನಲ್ಲಿತ್ತು. 1835ರಲ್ಲಿ ಫೋಯಿ ಕಾನ್ಸೋಲ್ಸ್ ಗಣಿಯ ಯಂತ್ರವೊಂದು ಒಂದು ದಿನದ ಪರೀಕ್ಷೆಯಲ್ಲಿ 12 ಕೋಟಿ 50 ಲಕ್ಷವನ್ನು ಮುಟ್ಟಿತು. ಹೊರಗಿನವರು ಮೊದಮೊದಲು ಇಂತಹ ಅಂಕಗಳನ್ನು ನಂಬಲೇ ಇಲ್ಲ.

ಇಷ್ಟು ಏರಿಕೆ ಯಾವುದರಿಂದ ಬಂದಿತು? ಮುಖ್ಯವಾದುದನ್ನು ಹೇಳುತ್ತೇನೆ. ವಾಟನ ಕಾಲದ ಬಾಯ್ಲರು ಗಾಡಿಯ ಕಮಾನಿನ ಆಕಾರದ ಪೆಟ್ಟಿಗೆ. ಬೆಂಕಿ ಅದರ ಕೆಳಗೆ ಹೊರಗಡೆ ಇರುತ್ತಿತ್ತು. ಅದು ಹೆಚ್ಚಿನ ಒತ್ತಡವನ್ನು ತಾಳಲಾರದು. ವಾಟನಿಗೂ ಹೆಚ್ಚಿನ ಒತ್ತಡ ಬೇಕಿರಲಿಲ್ಲ. ಕಾರ್ನ್‌ವಾಲಿನವನೇ ಆದ ರಿಚರ್ಡ್ ಟ್ರೆವಿಥಿಕ್ 1812ರ ಸುಮಾರಿಗೆ ಬೇರೊಂದು ರೂಪವನ್ನು ಬಳಕೆಗೆ ತಂದನು. ಉದ್ದವಾದ ಕಬ್ಬಿಣದ ಕೊಳವೆ. ಅದರೊಳಗೆ ಇನ್ನೊಂದು ಕೊಳವೆ. ಬೆಂಕಿ ಈ ಒಳಕೊಳವೆಯಲ್ಲಿ. ಎರಡರ ನಡುವೆ ನೀರು. ಹಂಡೆಯ ಹೊಟ್ಟೆಯೊಳಗೇ ಒಲೆಯನ್ನು ಇಟ್ಟಂತೆ! ಬೆಂಕಿ ಯಾವ ಕಡೆಗೆ ಶಾಖವನ್ನು ಚೆಲ್ಲಿದರೂ ಅಲ್ಲಿ ನೀರು ಕಾದುಕೊಂಡಿರುತ್ತದೆ. ಕೊಳವೆಯನ್ನು ದಾಟಿದ ಬಿಸಿಹೊಗೆಯನ್ನೂ ಹಾಗೆಯೇ ಬಿಡದೆ, ಇಟ್ಟಿಗೆಯ ಹಾದಿಗಳಲ್ಲಿ ತಿರುಗಿಸಿ ಬಾಯ್ಲರಿನ ಅಡಿಗೂ ಪಕ್ಕಗಳಿಗೂ ತಾಗಿಸಿ ಆಮೇಲೆ ಹೊಗೆಗೂಡಿಗೆ ಕಳುಹಿಸಿದರು. ದುಂಡಾದ ಈ ಆಕಾರ ಹೆಚ್ಚು ಒತ್ತಡವನ್ನು ತಾಳುತ್ತಿದ್ದುದರಿಂದ, ಸ್ವಲ್ಪವೇ ಉಗಿಯನ್ನು ಯಂತ್ರದೊಳಕ್ಕೆ ಬಿಟ್ಟು, ಅದು ಹಿಗ್ಗುತ್ತ ಹಿಗ್ಗುತ್ತ ಕೆಲಸ ಮಾಡುವಂತೆ ಏರ್ಪಡಿಸುವುದು ಸಾಧ್ಯವಾಯಿತು. ಉರಿಯನ್ನು ಜೋರು ಮಾಡುವ ಬದಲು ನಿಧಾನವಾಗಿ ಉರಿಸಿ, ಶಾಖ ತಾಗುವ ಮೈಯನ್ನು ಹಿಗ್ಗಿಸಿದರು. ಸಾಮ್ಯುಯೆಲ್ ಗ್ರೋಸ್ ಎಂಬ ಯಂತ್ರಶಿಲ್ಪಿ ಮಾಡಿದ್ದು ಇನ್ನೂ ಸರಳ. ಉಗಿ ಹರಿಯುವ ಕೊಳವೆಗಳಿಗೂ ಭಾಗಗಳಿಗೂ ಶಾಖ ಸೋರದಂತೆ ಚೆನ್ನಾಗಿ ಹೊದಿಕೆ ಹೊದಿಸಿದನು. ಚಳಿಗೆ ಕಂಬಳಿ ಹೊದೆಯುವ ನಮಗೆ ಇದು ದೊಡ್ಡ ಶೋಧವೆಂದು ತೋರದು. ಆದರೆ 1820ರ ದಶಕದ ಕೊನೆಯಲ್ಲಿ ಅವನ ಯಂತ್ರ 8 ಕೋಟಿಯನ್ನು ಮೀರಿದ ಅಂಕ ಪಡೆದಾಗ ಅದನ್ನು ಅನುಸರಿಸದವರು ವಿರಳರಾದರು.

ಇದೇ ಜಾಡಿನಲ್ಲಿ ಮುಂದಿನ ಬಾಯ್ಲರುಗಳೂ ಬೆಳೆದುವು. 1829ರಲ್ಲಿ ಸ್ಟೀಫನ್ಸನ್ನನ ರಾಕೆಟ್ ಎಂಬ ರೈಲುಯಂತ್ರದಲ್ಲಿ ಒಂದು ದೊಡ್ಡ ಕೊಳವೆಯ ಬದಲು ಇಪ್ಪತ್ತೈದು ತಾಮ್ರದ ಸಣ್ಣ ಕೊಳವೆಗಳು ಬಂದುವು. 1845ರಲ್ಲಿ ಎಡ್ವರ್ಡ್ ಗ್ರೀನ್ ಎಂಬಾತನು, ಹೊಗೆಗೂಡಿಗೆ ಹೋಗುವ ಬಿಸಿಯಿಂದಲೇ ಬಾಯ್ಲರಿಗೆ ಹಾಕುವ ನೀರನ್ನು ಮೊದಲು ಬೆಚ್ಚಗೆ ಮಾಡುವ ಏರ್ಪಾಟನ್ನು ಕಂಡುಹಿಡಿದನು.

ಇಷ್ಟನ್ನು ಕೇಳಿದ ಜಾಣ ವಿದ್ಯಾರ್ಥಿಯೊಬ್ಬನು ಆಕ್ಷೇಪವೆತ್ತಬಹುದು. ಕಷ್ಟಪಟ್ಟು ಕಂಡುಹಿಡಿದವನಿಗೆ ಫಲ ಬೇಡವೇ? ಗುಟ್ಟನ್ನೆಲ್ಲ ಬಿಟ್ಟುಕೊಟ್ಟರೆ ಅವನ ಗತಿಯೇನು? ಆಕ್ಷೇಪ ನ್ಯಾಯವಾದುದು. ವಾಟನು ಸಂಪನ್ನನಾಗಿ ಬಾಳಿದನು. ತನ್ನ ಈ ಯಂತ್ರಕ್ಕೆ ಪೇಟೆಂಟು ಪಡೆಯದ ಟ್ರೆವಿಥಿಕ್ 1833ರಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತನು. ಜೊತೆಯ ಕೆಲಸಗಾರರು ಹಣ ಕೂಡಿಸಿ ಅವನನ್ನು ಮಣ್ಣುಮಾಡಿದರು. ಇದನ್ನು ಓದಿದಾಗ ಯಾರ ಮನಸ್ಸೂ ಮರುಗದಿರದು. ಅವನ ಬಾಯ್ಲರಿನಿಂದ ಲಾಭ ಹೊಂದಿದ ಗಣಿಯೊಡೆಯರು ಅವನ ಋಣವನ್ನು ತೀರಿಸಲಿಲ್ಲವೆಂಬುದು ಅವರ ದೋಷ. ಆದರೆ ಆ ದೋಷಕ್ಕೆ ಪರಿಹಾರ ಅರಿವಿಗೆ ಬೀಗ ಹಾಕುವುದಲ್ಲವೆಂದೇ ನನ್ನ ಅಭಿಪ್ರಾಯ. ಕಂಡುಹಿಡಿದವನಿಗೆ ಗೌರವಧನವನ್ನು ಕೊಡಬಹುದು, ಕೊಡಲೇಬೇಕು; ಅಳತೆಯ ಲೆಕ್ಕ ಮಾತ್ರ ಎಲ್ಲರದಾಗಿರಬೇಕು.

ಏಕೆಂದರೆ ಬಾಯ್ಲರಿನ ವಿಷಯದಲ್ಲಿ ಮುಚ್ಚಿಟ್ಟ ಲೆಕ್ಕಕ್ಕೆ ಕಲ್ಲಿದ್ದಲಷ್ಟೇ ಅಲ್ಲ, ಪ್ರಾಣವೂ ಬೆಲೆಯಾಗುತ್ತದೆ. 1803ರಲ್ಲಿ ಗ್ರೀನಿಚ್‌ನಲ್ಲಿ ಟ್ರೆವಿಥಿಕ್ಕನದೇ ಯಂತ್ರದ ಬಾಯ್ಲರೊಂದು ಸಿಡಿದು ಕೆಲವರು ಸತ್ತರು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗನು ಹಾವುಮೀನು ಹಿಡಿಯಲು ಹೋಗಿದ್ದನು. ಅಷ್ಟಕ್ಕೇ ಹುಡುಗನನ್ನು ಬೈದು ಸುಮ್ಮನಾಗಬಹುದಾಗಿತ್ತು. ಟ್ರೆವಿಥಿಕ್ ಹಾಗೆ ಮಾಡಲಿಲ್ಲ. ನೀರು ಇಳಿದು ಕಬ್ಬಿಣ ಮಿತಿಮೀರಿ ಕಾದರೆ ತಾನೇ ಕರಗಿ, ಉಗಿಯನ್ನು ಬೆಂಕಿಯ ಮೇಲೆ ಬಿಡುವ ಸೀಸದ ಬೆಣೆಯೊಂದನ್ನು ಬಾಯ್ಲರಿಗೆ ಹೊಂದಿಸಿದನು. ಮನುಷ್ಯನು ಮೈಮರೆಯುತ್ತಾನೆಂಬುದನ್ನು ಲೆಕ್ಕಕ್ಕೆ ಸೇರಿಸಿ ಯಂತ್ರವನ್ನು ರೂಪಿಸಿದ ಈ ಬೆಣೆಯನ್ನು ನಾನು ಅವನ ಯಂತ್ರಕ್ಕಿಂತಲೂ ಹೆಚ್ಚಾಗಿ ಮೆಚ್ಚುತ್ತೇನೆ. ಆದರೂ ಆ ಶತಮಾನವೆಲ್ಲ ಬಾಯ್ಲರುಗಳು ಸಿಡಿಯುತ್ತಲೇ ಇದ್ದುವು. 1865ರಲ್ಲಿ ಅಮೆರಿಕದ ಮಿಸಿಸಿಪಿ ನದಿಯಲ್ಲಿ ಸುಲ್ತಾನಾ ಎಂಬ ಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಮಿಕ್ಕ ಜನ ಮಡಿದರು. 1905ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಬ್ರಾಕ್ಟನ್ ಊರಿನ ಬೂಟು ಕಾರ್ಖಾನೆಯಲ್ಲಿ 58 ಮಂದಿ ಸತ್ತ ಮೇಲೆಯೇ, 1907ರಲ್ಲಿ, ಆ ಪ್ರಾಂತವು ಬಾಯ್ಲರು ಹೇಗಿರಬೇಕೆಂಬ ಕಟ್ಟಳೆಯನ್ನು ಮಾಡಿತು. ಭಾರತದಲ್ಲಿ 1923ರ ಬಾಯ್ಲರು ಶಾಸನ ಬಂದಿತು. 2025ರಲ್ಲಿ ಹೊಸ ಶಾಸನ ಅದರ ಸ್ಥಾನವನ್ನು ಪಡೆಯಿತು. ಹೊರಗಿನ ತನಿಖೆಗಾರನು ಬಂದು ಒಳಗನ್ನು ನೋಡಬೇಕೆಂಬುದು ಇಂತಹ ಶಾಸನಗಳ ತಿರುಳು. ಲೀನ್‌ನ ಬೀಗ ಹಾಕಿದ ಪೆಟ್ಟಿಗೆಯ ನಂಟರೇ ಇವು.

ಇದೆಲ್ಲ ದೊಡ್ಡ ಯಂತ್ರಗಳ ಮಾತು. ನಮ್ಮ ಮನೆಯ ಒಲೆಗೂ ಇದಕ್ಕೂ ಏನು ಸಂಬಂಧವೆನ್ನಬೇಡಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಅಲ್ಲಿಯ ವಿಜ್ಞಾನಿಗಳು ಸಾಮಾನ್ಯವಾದ ಸೌದೆ ಒಲೆಯನ್ನು ಪರೀಕ್ಷೆಗೆ ಒಡ್ಡಿದರು. ನಮ್ಮ ಹಳೆಯ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಅವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಸೌದೆಯ ಅಡಿಗೆ ಕಬ್ಬಿಣದ ಜಾಲರಿ, ಸುತ್ತ ಮುಚ್ಚಿದ ಬೆಂಕಿಗೂಡು, ಒಂದರ ಹಿಂದೊಂದು ಮೂರು ಪಾತ್ರೆಗಳು, ಕೊನೆಯಲ್ಲಿ ಹೊಗೆಗೊಳವೆ. ಮೊದಲ ಪಾತ್ರೆಯನ್ನು ಮುಟ್ಟಿ ಮುಂದೆ ಹೋದ ಬಿಸಿಗಾಳಿ ಎರಡನೆಯದನ್ನೂ ಮೂರನೆಯದನ್ನೂ ಕಾಯಿಸಿಯೇ ಹೊರಗೆ ಹೋಗಬೇಕು. ಕಾರ್ನ್‌ವಾಲಿನ ಇಟ್ಟಿಗೆಯ ಹಾದಿಗಳು ನೆನಪಾಗುವುದಿಲ್ಲವೇ? ಪ್ರಯೋಗಾಲಯದ ಪರೀಕ್ಷೆಗಳಲ್ಲಿ ನೂರಕ್ಕೆ ನಲವತ್ತರಷ್ಟು ಶಾಖ ಪಾತ್ರೆಗಳಿಗೆ ಸೇರಿತು. ಹೊಗೆಯೂ ಅಡುಗೆಮನೆಯನ್ನು ಬಿಟ್ಟು ಹೊರಗೆ ಹೋಯಿತು. ಒಲೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರಿಗೆ ಈ ಎರಡನೆಯ ಲಾಭವೇ ದೊಡ್ಡದು.

ಆದರೆ ಒಲೆಯ ಗುಣ ಅದರ ಅಳತೆಯಲ್ಲಿದೆ. ಕಟ್ಟುವವನು ಜಾಲರಿಯನ್ನು ಎರಡು ಅಂಗುಲ ಮೇಲಕ್ಕೆ ಕೂರಿಸಿದರೆ, ಬಾಯಿಯನ್ನು ಅಗಲ ಮಾಡಿದರೆ, ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ, ಪ್ರಯೋಗಾಲಯದ ಅಂಕ ಮನೆಯಲ್ಲಿ ಉಳಿಯುವುದಿಲ್ಲ. ಆ ವ್ಯತ್ಯಾಸವನ್ನು ಮೊದಲು ಅರಿಯುವವಳು ಅಡುಗೆ ಮಾಡುವಾಕೆ. ಅವಳನ್ನು ಕೇಳಿ ಬರೆದುಕೊಳ್ಳುವವರು ಮಾತ್ರ ಕಡಮೆ. ಇಂದು ಅಡುಗೆಮನೆಗೆ ಅನಿಲದ ಒಲೆ ಬಂದಿದ್ದರೂ ಬಚ್ಚಲಿನ ಹಂಡೆಯ ಕೆಳಗೆ, ಆಲೆಮನೆಯ ಕೊಪ್ಪರಿಗೆಯ ಕೆಳಗೆ ಬೆಂಕಿ ಉರಿಯುತ್ತಲೇ ಇದೆ. ಲೀನ್ ಕುಟುಂಬದವರು ಗಣಿಗಳಿಗೆ ಮಾಡಿದ್ದನ್ನು ಒಂದು ಊರಿನ ಒಲೆಗಳಿಗೆ ಪ್ರೌಢಶಾಲೆಯ ವಿದ್ಯಾರ್ಥಿಗಳು ಮಾಡಬಹುದು. ಒಂದು ಹಂಡೆ ನೀರನ್ನು ಅಳೆದು ತುಂಬಬೇಕು. ಅದು ಕುದಿಯುವಷ್ಟರಲ್ಲಿ ಎಷ್ಟು ಸೌದೆ ಉರಿಯಿತೆಂಬುದನ್ನು ತೂಗಬೇಕು. ಒಲೆಯ ಬಾಯಿಯ ಅಗಲ, ಜಾಲರಿಯ ಎತ್ತರ, ಹಿಡಿದ ಹೊತ್ತು, ಇವನ್ನು ಗುರುತು ಹಾಕಿಕೊಳ್ಳಬೇಕು. ಹತ್ತು ಮನೆಗಳಲ್ಲಿ ಹೀಗೆ ಮಾಡಿದರೆ ಒಂದು ಪಟ್ಟಿಯಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ಗಡಿಯಾರ, ಆ ಪಟ್ಟಿಯನ್ನು ಎಲ್ಲರೂ ಓದುವಂತೆ ಶಾಲೆಯ ಗೋಡೆಗೆ ಅಂಟಿಸಲು ಒಂದು ಹಾಳೆ.