ಗುರುತಿಗೆ ತಿಂಗಳ ಬಾಡಿಗೆ ಬೇಡ

ಸಾಮಾಜಿಕ ಜಾಲತಾಣದಲ್ಲಿ ಹೆಸರಿನ ಪಕ್ಕ ನೀಲಿ ಟಿಕ್ ಬೇಕಿದ್ದರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು ಎಂಬ ಪದ್ಧತಿ ಬಂದು ವರ್ಷಗಳೇ ಆದವು. ಆಗ ಗೊಣಗಿದವರು ಈಗ ಸುಮ್ಮನಾಗಿದ್ದಾರೆ. ಅದನ್ನು ಸಮರ್ಥಿಸುವವರ ಬಳಿ ಮಾತ್ರ ವಾದಗಳ ಕಂತೆಯೇ ಇದೆ. ಅವು ಮೇಲ್ನೋಟಕ್ಕೆ ಸರಿಯೆನಿಸುತ್ತವೆ, ಅದಕ್ಕಾಗಿಯೇ ಒಂದೊಂದನ್ನೂ ಎತ್ತಿಕೊಂಡು ಉತ್ತರಿಸಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. "ಈ ಖಾತೆ ಈ ಹೆಸರಿನವರದ್ದೇ" ಎಂದು ಖಾತರಿಪಡಿಸುವ ಗುರುತು ಕೇಳಿದವರಿಗೆಲ್ಲ ಸಿಗಬೇಕು, ಉಚಿತವಾಗಿ ಸಿಗಬೇಕು. ಅದರ ಅರ್ಥ ಒಂದೇ ಆಗಿರಬೇಕು. ಪ್ರತಿಷ್ಠೆ, ಹೆಚ್ಚು ಪ್ರಚಾರ, ಉದ್ದದ ಬರಹ, ಜಾಹೀರಾತಿಲ್ಲದ ಪುಟ ಇವನ್ನೆಲ್ಲ ಕಂಪನಿಗಳು ಬೇಕಾದ ಬೆಲೆಗೆ ಮಾರಿಕೊಳ್ಳಲಿ. ಗುರುತನ್ನು ಆ ಅಂಗಡಿಗೆ ಸೇರಿಸಬಾರದು.

ವಾದ 1: "ಹಳೆಯ ಪದ್ಧತಿ ದೊಡ್ಡವರ ಪಾಲಾಗಿತ್ತು. ಈಗ ಯಾರು ಬೇಕಾದರೂ ಪಡೆಯಬಹುದು, ಇದೇ ಸಮಾನತೆ."

ಈ ಮಾತಿನ ಮೊದಲರ್ಧ ನಿಜ. 2009ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರ್ ಟೋನಿ ಲಾ ರುಸಾ ಅವರ ಹೆಸರಿನಲ್ಲಿ ಯಾರೋ ಟ್ವಿಟರ್ ಖಾತೆ ತೆರೆದು, ತೀರಿಹೋದ ಆಟಗಾರರ ಬಗ್ಗೆ ಕೀಳು ಮಾತು ಬರೆದರು. ಲಾ ರುಸಾ ಮೊಕದ್ದಮೆ ಹೂಡಿದರು. ಅದರ ಬೆನ್ನಲ್ಲೇ, ಅದೇ ಜೂನ್‌ನಲ್ಲಿ ಟ್ವಿಟರ್ ಪರಿಶೀಲಿತ ಖಾತೆಗಳ ವ್ಯವಸ್ಥೆಯನ್ನು ಪ್ರಕಟಿಸಿತು. ಹೆಸರು ಕದಿಯುವವರಿಂದ ಜನರನ್ನು ಕಾಯುವುದಕ್ಕೆ ಹುಟ್ಟಿದ ಗುರುತು ಅದು. ಬರುಬರುತ್ತಾ ಗಣ್ಯರ ಎದೆಯ ಮೇಲಿನ ಪದಕವಾಯಿತು. 2017ರ ನವೆಂಬರ್‌ನಲ್ಲಿ, ಅಮೆರಿಕದ ಶಾರ್ಲಟ್ಸ್‌ವಿಲ್‌ನ ಬಿಳಿಯ ಜನಾಂಗವಾದಿಗಳ ಮೆರವಣಿಗೆಯನ್ನು ಸಂಘಟಿಸಿದವನಿಗೂ ಟಿಕ್ ಸಿಕ್ಕಾಗ ಗದ್ದಲವೆದ್ದು, ಟ್ವಿಟರ್ ಅರ್ಜಿ ಸ್ವೀಕರಿಸುವುದನ್ನೇ ನಿಲ್ಲಿಸಿತು. ಗುರುತು ಕೊಟ್ಟದ್ದನ್ನು ಜನ ಮನ್ನಣೆ ಎಂದು ತಿಳಿಯುತ್ತಿದ್ದಾರೆಂದು ಕಂಪನಿಯೇ ಆಗ ಒಪ್ಪಿಕೊಂಡಿತು.

ನಮ್ಮ ದೇಶದಲ್ಲಿ ಇದೇ ಗಾಯ ಇನ್ನೂ ಆಳವಾಗಿತ್ತು. ದಲಿತ, ಆದಿವಾಸಿ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಬರಹಗಾರರಿಗೆ ಟಿಕ್ ಕೊಡುವುದರಲ್ಲಿ ತಾರತಮ್ಯವಿದೆ ಎಂದು 2019ರ ನವೆಂಬರ್‌ನಲ್ಲಿ ದೊಡ್ಡ ಅಭಿಯಾನವೇ ನಡೆಯಿತು. ಪತ್ರಕರ್ತ ದಿಲೀಪ್ ಮಂಡಲ್ ಅದರ ಮುಂಚೂಣಿಯಲ್ಲಿದ್ದರು. ಟ್ವಿಟರ್‌ನ ಮುಂಬೈ ಕಚೇರಿಯ ಎದುರು ಪ್ರತಿಭಟನೆಯೂ ಆಯಿತು.

ಆದರೆ ಈ ಹೋರಾಟಗಾರರು ಕೇಳಿದ್ದು ನ್ಯಾಯವಾದ ಪರಿಶೀಲನೆಯನ್ನು. ಅವರ ಕೈಗೆ ಬಂದದ್ದು ಬಿಲ್. 2023ರ ಫೆಬ್ರವರಿಯಲ್ಲಿ ಟ್ವಿಟರ್ ಬ್ಲೂ ಎಂಬ ಚಂದಾ ಯೋಜನೆ ಭಾರತಕ್ಕೆ ಬಂದಾಗ ಮೊಬೈಲ್‌ನಲ್ಲಿ ತಿಂಗಳಿಗೆ 900 ರೂಪಾಯಿ, ಕಂಪ್ಯೂಟರ್‌ನಲ್ಲಾದರೆ 650 ರೂಪಾಯಿ. ಅದೇ ವರ್ಷದ ಜೂನ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ತಂದ ಮೆಟಾ ವೆರಿಫೈಡ್ ದರ ತಿಂಗಳಿಗೆ 699 ರೂಪಾಯಿ. ಆ ಲೆಕ್ಕದಲ್ಲಿ ವರ್ಷಕ್ಕೆ 8,388 ರೂಪಾಯಿ. ಮುಂದೆ ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರ್ ತನ್ನ ದರ ಇಳಿಸಿತು. ದರ ಎಷ್ಟೇ ಇಳಿಯಲಿ, ಬಾಗಿಲು ಕಾಯುವವನು ಬದಲಾದನೇ ಹೊರತು ಬಾಗಿಲು ತೆರೆಯಲಿಲ್ಲ. ಮೊದಲು ಹೆಸರಿದ್ದವರಿಗೆ ಸಿಗುತ್ತಿತ್ತು, ಈಗ ಹಣವಿದ್ದವರಿಗೆ ಸಿಗುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ, ಹಳ್ಳಿಯ ತೊಗಲುಬೊಂಬೆ ಕಲಾವಿದನಿಗೆ ಎರಡೂ ಕಾಲದಲ್ಲಿ ಸಿಗಲಿಲ್ಲ. ಇದನ್ನು ಸಮಾನತೆ ಎನ್ನಲು ನಾನು ತಯಾರಿಲ್ಲ.

ವಾದ 2: "ದುಡ್ಡು ಕಟ್ಟಿ ಯಾರೂ ಮೋಸ ಮಾಡುವುದಿಲ್ಲ. ಶುಲ್ಕವೇ ನಕಲಿಗಳಿಗೆ ಬೇಲಿ."

ಇದಕ್ಕೆ ಉತ್ತರ ಒಂದೇ ದಿನದಲ್ಲಿ ಸಿಕ್ಕಿತ್ತು. ಇಲಾನ್ ಮಸ್ಕ್ ಟ್ವಿಟರ್ ಕೊಂಡ ಕೆಲವೇ ದಿನಗಳಲ್ಲಿ, 2022ರ ನವೆಂಬರ್ 9ರಂದು, 8 ಡಾಲರ್ ಕಟ್ಟಿದವರಿಗೆ ಟಿಕ್ ಕೊಡುವುದು ಶುರುವಾಯಿತು. ಮರುದಿನವೇ ಔಷಧ ಕಂಪನಿ ಎಲಿ ಲಿಲ್ಲಿಯ ಹೆಸರು, ಲಾಂಛನ, ನೀಲಿ ಟಿಕ್ ಎಲ್ಲವನ್ನೂ ಹೊತ್ತ ಖಾತೆಯೊಂದು ಇನ್ಸುಲಿನ್ ಇನ್ನು ಉಚಿತ ಎಂದು ಘೋಷಿಸಿತು. ಅಮೆರಿಕದಲ್ಲಿ ಇನ್ಸುಲಿನ್ ಬೆಲೆ ಅದೆಷ್ಟೋ ಮನೆಗಳನ್ನು ಸಾಲಕ್ಕೆ ತಳ್ಳಿದೆ. ಸಕ್ಕರೆ ಕಾಯಿಲೆಯ ಮಗುವಿರುವ ತಾಯಿಯೊಬ್ಬಳು ಆ ಸಾಲನ್ನು ಓದಿದ ಕ್ಷಣವನ್ನು ಊಹಿಸಿಕೊಳ್ಳಿ. ಸುದ್ದಿ ಸುಳ್ಳೆಂದು ಹೇಳಿ ನಿಜವಾದ ಕಂಪನಿ ಕ್ಷಮೆ ಕೇಳಬೇಕಾಯಿತು. ನವೆಂಬರ್ 11ರಂದು ಟ್ವಿಟರ್ ಆ ಮಾರಾಟವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು.

2023ರ ಏಪ್ರಿಲ್ 20ರಂದು ಹಳೆಯ ಟಿಕ್‌ಗಳನ್ನೆಲ್ಲ ಕಿತ್ತುಹಾಕಿದಾಗ ಅಮಿತಾಭ್ ಬಚ್ಚನ್, ಶಾರುಖ್ ಖಾನ್, ವಿರಾಟ್ ಕೊಹ್ಲಿ ಅವರ ಗುರುತೂ ಹೋಯಿತು. ಅಂಥವರಿಗೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಅದೇ ದಿನ ನ್ಯೂಯಾರ್ಕ್ ನಗರಾಡಳಿತದ ಖಾತೆ "ನಾವೇ ಅಸಲಿ" ಎಂದು ಬರೆದುಕೊಳ್ಳಬೇಕಾಯಿತು. ಅದಕ್ಕೆ ನಕಲಿ ಖಾತೆಯೊಂದು "ಅಲ್ಲ, ನಾವೇ ಅಸಲಿ" ಎಂದು ಉತ್ತರಿಸಿತು. ಮುಂದಿನ ತಿಂಗಳು, ಮೇ 22ರಂದು, ಪೆಂಟಗನ್ ಬಳಿ ಸ್ಫೋಟವಾಗಿದೆ ಎಂಬ ಕೃತಕ ಚಿತ್ರವನ್ನು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯನ್ನು ಹೋಲುವ ಹೆಸರಿನ, ನೀಲಿ ಟಿಕ್ ಇದ್ದ ಖಾತೆ ಹರಡಿತು. ಅಮೆರಿಕದ ಷೇರುಪೇಟೆ ಕೆಲ ನಿಮಿಷ ಅಲುಗಾಡಿತು.

ಮೋಸಗಾರನಿಗೆ ಆ ಶುಲ್ಕ ಒಂದು ಬಂಡವಾಳ. ಒಬ್ಬನನ್ನು ನಂಬಿಸಿದರೂ ಅದು ಹತ್ತು ಪಟ್ಟಾಗಿ ವಾಪಸ್ ಬರುತ್ತದೆ. ಪ್ರಾಮಾಣಿಕನಿಗೆ ಮಾತ್ರ ಅದು ಖರ್ಚು. ಮೋಸಗಾರ ದಾಟುವ, ಪ್ರಾಮಾಣಿಕ ನಿಂತುಬಿಡುವ ಬೇಲಿಯಿಂದ ಯಾರಿಗೆ ರಕ್ಷಣೆ? ಐರೋಪ್ಯ ಆಯೋಗ ಕೂಡ ಇದನ್ನೇ ಹೇಳಿತು. ಖಾತೆಯ ಹಿಂದೆ ಯಾರಿದ್ದಾರೆಂದು ಸರಿಯಾಗಿ ನೋಡದೆ ಹಣಕ್ಕೆ ಟಿಕ್ ಕೊಡುವುದು ಬಳಕೆದಾರರನ್ನು ದಾರಿತಪ್ಪಿಸುವ ವಿನ್ಯಾಸ ಎಂಬುದೂ ಸೇರಿ ಮೂರು ಕಾರಣಗಳಿಗೆ 2025ರ ಡಿಸೆಂಬರ್‌ನಲ್ಲಿ ಅದು ಎಕ್ಸ್‌ಗೆ 12 ಕೋಟಿ ಯೂರೊ ದಂಡ ಹಾಕಿತು.

ವಾದ 3: "ಪರಿಶೀಲನೆಗೆ ಖರ್ಚಿದೆ. ಕಂಪನಿ ಧರ್ಮಛತ್ರವಲ್ಲ."

ಖರ್ಚಿದೆ, ಒಪ್ಪುತ್ತೇನೆ. ಆದರೆ ಖರ್ಚು ಒಮ್ಮೆ ಆಗುವಂಥದ್ದು, ವಸೂಲಿ ಮಾತ್ರ ತಿಂಗಳು ತಿಂಗಳು. ಚಿನ್ನದ ಹಾಲ್‌ಮಾರ್ಕ್ ನೋಡಿ. ಒಡವೆಯನ್ನು ಪರೀಕ್ಷಿಸುವುದಕ್ಕೆ ನಿಗದಿತ ಶುಲ್ಕವಿದೆ. ಪರೀಕ್ಷೆಯಾಗದೆ ಮುದ್ರೆಯಿಲ್ಲ. ಮುದ್ರೆ ಬಿದ್ದ ಮೇಲೆ, ಈ ತಿಂಗಳು ದುಡ್ಡು ಕಟ್ಟಲಿಲ್ಲವೆಂದು ಯಾರೂ ಬಂದು ಬಳೆಯಿಂದ ಮುದ್ರೆ ಅಳಿಸುವುದಿಲ್ಲ. ಮೆಟಾ ವೆರಿಫೈಡ್ ಸರ್ಕಾರಿ ಗುರುತಿನ ಚೀಟಿ ಕೇಳುತ್ತದೆ, ಆ ಮಟ್ಟಿಗೆ ಅದು ಎಕ್ಸ್‌ಗಿಂತ ಮೇಲು. ಆದರೆ ಚೀಟಿ ನೋಡಿ ನೀವು ನೀವೇ ಎಂದು ಒಪ್ಪಿದ ಕಂಪನಿ, ಕಂತು ನಿಂತ ಕೂಡಲೇ ಟಿಕ್ ತೆಗೆಯುತ್ತದೆ. ನೀವು ಬೇರೆ ಯಾರೋ ಆಗಿಬಿಟ್ಟಿರೇ?

ಉಚಿತವಾಗಿ ಕೊಡಲಾಗದು ಎಂಬುದೂ ಸುಳ್ಳು. ಭಾರತದಲ್ಲಿ ಲಿಂಕ್ಡ್‌ಇನ್ ಡಿಜಿಲಾಕರ್ ಮೂಲಕ ಗುರುತು ಪರಿಶೀಲಿಸುತ್ತದೆ, ಬಳಕೆದಾರ ಒಂದು ರೂಪಾಯಿ ಕೊಡಬೇಕಿಲ್ಲ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ನಿಮ್ಮ ಸ್ವಂತ ಜಾಲತಾಣಕ್ಕೂ ಖಾತೆಗೂ ಪರಸ್ಪರ ಕೊಂಡಿ ಹಾಕಿದರೆ ಆ ಕೊಂಡಿ ದೃಢಪಟ್ಟದ್ದಾಗಿ ಕಾಣಿಸುತ್ತದೆ. ಅಂಥದ್ದೇ ಇನ್ನೊಂದಾದ ಬ್ಲೂಸ್ಕೈನಲ್ಲಿ ನಿಮ್ಮ ಜಾಲತಾಣದ ವಿಳಾಸವನ್ನೇ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು. ಪತ್ರಿಕೆಯೊಂದರ ವರದಿಗಾರರೆಲ್ಲ ಆ ಪತ್ರಿಕೆಯ ವಿಳಾಸವನ್ನೇ ಹೊತ್ತರೆ ಗುರುತು ತಾನೇ ತಾನಾಗಿ ಸಾಬೀತಾಗುತ್ತದೆ. ದಾರಿಗಳಿವೆ, ಮನಸ್ಸಿಲ್ಲ.

ವಾದ 4: "ಸಾಮಾನ್ಯ ಜನರಿಗೆ ಟಿಕ್ ಯಾಕೆ? ಅದೆಲ್ಲ ಡೌಲು."

ಈ ವಾದ ಮಾಡುವವರು ನಮ್ಮ ಜಿಲ್ಲೆಗಳ ಸೈಬರ್ ಅಪರಾಧ ಠಾಣೆಗಳಲ್ಲಿ ಅರ್ಧ ದಿನ ಕೂತು ಬರಲಿ. ಅಲ್ಲಿಗೆ ಬರುವ ಒಂದು ಕಥೆ ರಾಜ್ಯದಲ್ಲೆಲ್ಲ ಒಂದೇ ಅಚ್ಚಿನಲ್ಲಿರುತ್ತದೆ. ನಿವೃತ್ತ ಮೇಷ್ಟ್ರೊಬ್ಬರ ಫೇಸ್‌ಬುಕ್ ಫೋಟೊ ಇಳಿಸಿಕೊಂಡು ವಂಚಕರು ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆಯುತ್ತಾರೆ. ಅವರ ಸ್ನೇಹಿತರಿಗೆಲ್ಲ ಕೋರಿಕೆ ಹೋಗುತ್ತದೆ. ಒಪ್ಪಿಕೊಂಡ ಕೂಡಲೇ ಇನ್‌ಬಾಕ್ಸ್‌ನಲ್ಲಿ ಮೊದಲು "ಹೇಗಿದ್ದೀರಿ", ಆಮೇಲೆ "ನಂಬರ್ ಕಳಿಸಿ". ಬಳಿಕ "ನನ್ನ ಸ್ನೇಹಿತರು ಸಿಆರ್‌ಪಿಎಫ್ ಅಧಿಕಾರಿ, ಅವರಿಗೆ ವರ್ಗಾವಣೆ ಆಗಿದೆ, ಮನೆಯ ಸೋಫಾ, ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ಅಗ್ಗಕ್ಕೆ ಕೊಡುತ್ತಿದ್ದಾರೆ" ಎಂಬ ಸಂದೇಶ. ಜತೆಗೆ ಹೊಳೆಯುವ ಸಾಮಾನುಗಳ ಫೋಟೊಗಳು. ಕೊನೆಗೆ ಸಾಗಣೆ ವೆಚ್ಚದ ಮುಂಗಡಕ್ಕೆ ಒಂದು ಯುಪಿಐ ಸಂಖ್ಯೆ. ಮೇಷ್ಟ್ರ ಮೇಲಿನ ಗೌರವಕ್ಕೆ ಹಳೆಯ ವಿದ್ಯಾರ್ಥಿಗಳು ಹಣ ಹಾಕುತ್ತಾರೆ. ಪೊಲೀಸ್ ಅಧಿಕಾರಿಗಳ ಹೆಸರಿನಲ್ಲೂ ಇಂಥ ಖಾತೆಗಳು ಹುಟ್ಟಿವೆ.

ಇಲ್ಲಿ ಮೇಷ್ಟ್ರು ಕಳೆದುಕೊಳ್ಳುವುದು ನಲವತ್ತು ವರ್ಷ ಪಾಠ ಹೇಳಿ ಗಳಿಸಿದ ಹೆಸರು. ಅವರ ಅಸಲಿ ಖಾತೆಗೆ ಒಂದು ಗುರುತಿದ್ದಿದ್ದರೆ, ಗುರುತಿಲ್ಲದ ಎರಡನೆಯ ಖಾತೆಯ ಮುಂದೆ ಶಿಷ್ಯನ ಬೆರಳು ಒಂದು ಕ್ಷಣ ತಡೆಯುತ್ತಿತ್ತು. ನಟನಿಗೆ ವಕೀಲರಿದ್ದಾರೆ, ಪ್ರಚಾರ ನೋಡಿಕೊಳ್ಳುವವರಿದ್ದಾರೆ, ಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟರೆ ಸಾಕು. ಗುರುತು ಹೆಚ್ಚು ಬೇಕಿರುವುದು ಅದಾವುದೂ ಇಲ್ಲದವರಿಗೆ.

ಮೆಟಾ ತನ್ನ ಚಂದಾದಾರರಿಗೆ ಕೊಡುವ ಸವಲತ್ತುಗಳಲ್ಲಿ ನಕಲಿ ಖಾತೆಗಳ ಮೇಲೆ ಕಣ್ಣಿಡುವುದೂ ಒಂದು. ನಕಲಿಗಳ ಕಾಟದಿಂದ ಕಾಪಾಡುವುದು ಜಾಲತಾಣ ನಡೆಸುವವರ ಹೊಣೆ. ನಕಲಿ ಖಾತೆಯ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರಲ್ಲೇ ನಮ್ಮ ಐಟಿ ನಿಯಮಗಳು ಗಡುವು ಹಾಕಿದವು. ಆ ಹೊಣೆಯನ್ನೇ ಸವಲತ್ತಾಗಿ ಮಾರುವುದು ಅನ್ಯಾಯ.

ವಾದ 5: "ಎಲ್ಲರ ಗುರುತು ಕೇಳಿದರೆ ಖಾಸಗಿತನ ಉಳಿಯುವುದಿಲ್ಲ."

ಎದುರಾಳಿಗಳ ವಾದಗಳಲ್ಲಿ ಅತ್ಯಂತ ತೂಕದ್ದು ಇದೇ. ದೌರ್ಜನ್ಯದ ಬಗ್ಗೆ ಬರೆಯುವ ಹೆಣ್ಣುಮಗಳಿಗೆ, ಕಚೇರಿಯ ಭ್ರಷ್ಟಾಚಾರ ಬಯಲಿಗೆಳೆಯುವ ಗುಮಾಸ್ತನಿಗೆ ಹೆಸರು ಮರೆಮಾಡುವ ಹಕ್ಕು ಇರಲೇಬೇಕು. ಎಲ್ಲ ಖಾತೆಗಳಿಗೂ ಆಧಾರ್ ಜೋಡಿಸಿ ಎನ್ನುವವರನ್ನೂ ನಾನು ಅಷ್ಟೇ ಗಟ್ಟಿಯಾಗಿ ವಿರೋಧಿಸುತ್ತೇನೆ.

ಆದರೆ ನಾನು ಕೇಳುತ್ತಿರುವುದು ಸ್ವಇಚ್ಛೆಯ ಪರಿಶೀಲನೆ. ಬೇಕಾದವರು ಪಡೆಯಲಿ, ಬೇಡದವರು ಬಿಡಲಿ, ಬಿಟ್ಟವರ ಮಾತನ್ನು ಜಾಲತಾಣ ಮೂಲೆಗೆ ತಳ್ಳದಿರಲಿ. ಇವತ್ತು ಎಕ್ಸ್‌ನಲ್ಲಿ ದುಡ್ಡು ಕೊಟ್ಟವರ ಪ್ರತಿಕ್ರಿಯೆ ಮೇಲಕ್ಕೆ ಬರುತ್ತದೆ, ಉಳಿದವರದ್ದು ಕೆಳಗಿಳಿಯುತ್ತದೆ. ಒತ್ತಾಯ ಇರುವುದು ಅಲ್ಲಿ.

ಇದರ ಜತೆಗೆ ಕಾವ್ಯನಾಮಗಳ ಪ್ರಶ್ನೆಯೂ ಇದೆ. ಖಾತೆಯ ಹೆಸರು ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕೆಂಬುದು ಮೆಟಾ ವೆರಿಫೈಡ್ ಇಟ್ಟ ಷರತ್ತು. ಕನ್ನಡದ ಅರ್ಧ ಸಾಹಿತ್ಯ ಈ ಷರತ್ತಿಗೆ ಹೊಂದುವುದಿಲ್ಲ. ಈ ಅಳತೆಯಲ್ಲಿ ದ.ರಾ. ಬೇಂದ್ರೆಯವರಿಗೆ ಅಂಬಿಕಾತನಯದತ್ತ ಎಂಬ ಹೆಸರಿನಲ್ಲಿ, ಅನಸೂಯಾ ಶಂಕರ್ ಅವರಿಗೆ ತ್ರಿವೇಣಿ ಎಂಬ ಹೆಸರಿನಲ್ಲಿ ಗುರುತು ಸಿಗುತ್ತಿರಲಿಲ್ಲ. ರಂಗದ ಹೆಸರಿನಿಂದಲೇ ಊರಿಗೆಲ್ಲ ಪರಿಚಿತರಾದ ಕಲಾವಿದರ ಪಾಡೂ ಅದೇ. ಕಂಪನಿ ಚೀಟಿ ನೋಡಲಿ, ಒಳಗೆ ಗುಟ್ಟಾಗಿಡಲಿ. ಹೊರಗೆ ಜನ ಬಲ್ಲ ಹೆಸರಿಗೇ ಟಿಕ್ ಕೊಡಲಿ.

ವಾದ 6: "ಟಿಕ್ ಇದ್ದವರ ಖಾತೆಯೇ ಕದ್ದುಹೋಗುತ್ತದೆ. ಅದರಿಂದ ಏನು ಪ್ರಯೋಜನ?"

2020ರ ಜುಲೈ 15ರಂದು ಹ್ಯಾಕರ್‌ಗಳು ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್ ಅವರಂಥವರ ಟ್ವಿಟರ್ ಖಾತೆಗಳಿಗೇ ನುಗ್ಗಿ ಬಿಟ್‌ಕಾಯಿನ್ ಕೇಳಿದರು, ಲಕ್ಷ ಡಾಲರ್‌ಗೂ ಹೆಚ್ಚು ದೋಚಿದರು. ಟ್ವಿಟರ್ ಸಿಬ್ಬಂದಿಯನ್ನು ಫೋನಿನಲ್ಲಿ ನಂಬಿಸಿ ಒಳಗಿನ ಉಪಕರಣಗಳನ್ನೇ ಕೈವಶ ಮಾಡಿಕೊಂಡಿದ್ದರು. ಅದು ಕಂಪನಿಯ ಕಾವಲಿನ ಲೋಪ. ಖಾತೆ ಯಾರದ್ದು ಎಂಬುದನ್ನು ಟಿಕ್ ಹೇಳುತ್ತದೆ. ಹೇಳಿದ ಮಾತು ಸತ್ಯವೇ, ಹೇಳಿದವರು ಸಜ್ಜನರೇ ಎಂಬುದನ್ನು ಅದು ಹೇಳುವುದಿಲ್ಲ, ಹೇಳಲೂಬಾರದು. ಆ ಒಂದು ಕೆಲಸವನ್ನು ನೆಟ್ಟಗೆ ಮಾಡಿದರೆ ಸಾಕು.

ಕಾನೂನು ಆಗಲೇ ಹೇಳಿದೆ

2021ರ ಫೆಬ್ರವರಿ 25ರಂದು ಬಂದ ಐಟಿ ನಿಯಮಗಳ 4(7)ನೇ ನಿಯಮವನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲತಾಣಗಳು, ತಮ್ಮ ಖಾತೆಯನ್ನು ಸ್ವಇಚ್ಛೆಯಿಂದ ಪರಿಶೀಲಿಸಿಕೊಳ್ಳಲು ಬಳಕೆದಾರರಿಗೆ ಅವಕಾಶ ಕೊಡಬೇಕು. ಭಾರತದ ಮೊಬೈಲ್ ಸಂಖ್ಯೆಯೂ ಅದಕ್ಕೆ ಒಂದು ದಾರಿಯಾಗಬಹುದು. ಹಾಗೆ ಪರಿಶೀಲನೆಯಾದವರಿಗೆ ಎಲ್ಲರಿಗೂ ಕಾಣುವಂಥ ಗುರುತು ಕೊಡಬೇಕು. ಅದಕ್ಕಾಗಿ ಪಡೆದ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬೇರಾವುದಕ್ಕೂ ಬಳಸಬಾರದು. ಪ್ರಸಿದ್ಧರಿಗೆ ಮಾತ್ರ ಎಂದು ನಿಯಮ ಹೇಳುವುದಿಲ್ಲ, ಚಂದಾದಾರರಿಗೆ ಮಾತ್ರ ಎಂದೂ ಹೇಳುವುದಿಲ್ಲ. ಶುಲ್ಕ ಕೂಡದು ಎಂಬ ಮಾತೂ ಅದರಲ್ಲಿಲ್ಲ. ಕಂಪನಿಗಳು ನುಸುಳುತ್ತಿರುವುದು ಆ ಸಂದಿಯಲ್ಲಿ.

ಆದ್ದರಿಂದ ಬೇಡಿಕೆ ಸರಳ. ಪರಿಶೀಲನೆಗೆ ಶುಲ್ಕವಿಲ್ಲ ಎಂಬ ಸಾಲನ್ನು ಕೇಂದ್ರ ಸರ್ಕಾರ ಆ ನಿಯಮಕ್ಕೆ ಸೇರಿಸಲಿ. ಹಣ ಕೊಟ್ಟವರ ಗುರುತು ಬೇರೆ, ಪರಿಶೀಲನೆಯಾದವರ ಗುರುತು ಬೇರೆ ಎಂದು ಬಣ್ಣದಲ್ಲೇ ಗೊತ್ತಾಗುವಂತೆ ಮಾಡಲಿ. ಕಾವ್ಯನಾಮಕ್ಕೂ ರಂಗನಾಮಕ್ಕೂ ಜಾಗ ಇರಲಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಎಕ್ಸ್‌ನ ನೀಲಿ ಟಿಕ್ ಕಂಡ ಮಾತ್ರಕ್ಕೆ ಯಾರನ್ನೂ ನಂಬಬೇಡಿ, ಟಿಕ್ ಇಲ್ಲವೆಂದು ಯಾರನ್ನೂ ಕೀಳಾಗಿ ನೋಡಬೇಡಿ. ಪರಿಚಿತರ ಹೆಸರಿನ ಹೊಸ ಖಾತೆಯಿಂದ ಹಣದ ಮಾತು ಬಂದರೆ ಮೊದಲು ಅವರಿಗೆ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಿಮ್ಮ ಹೆಸರಿನಲ್ಲೇ ನಕಲಿ ಖಾತೆ ಹುಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ಲಿಖಿತ ದೂರು ಕೊಡಿ. ಕಂಪ್ಯೂಟರ್ ಬಳಸಿ ಬೇರೆಯವರ ಸೋಗು ಹಾಕಿ ವಂಚಿಸುವುದು ಐಟಿ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲುಶಿಕ್ಷೆಯಾಗಬಹುದಾದ ಅಪರಾಧ.